ಫೋಟೊವನ್ನು ಚಿತ್ರವಾಗಿಸುವುದು: ರುಮಾಲೆ, ವೆಂಕಟಪ್ಪ, ಹೆಬ್ಬಾರರ ಹತ್ತಿರ ಕಲಿಯೋಣ

ಒಂದು ಫೋಟೊವನ್ನು ಯಾವುದೋ ಆ್ಯಪ್‌ಗೆ ಹಾಕಿ 'ಆಯಿಲ್ ಪೇಂಟ್' ಅಂತ ಒತ್ತಿದರೆ ಎರಡೇ ಸೆಕೆಂಡಿನಲ್ಲಿ ಏನೋ ಒಂದು ಬರುತ್ತದೆ. ಮೊದಲ ಸಲ ಚೆನ್ನಾಗಿದೆ ಅನ್ನಿಸುತ್ತದೆ. ಇನ್ನೂ ನಾಲ್ಕು ಫೋಟೊಗೆ ಅದನ್ನೇ ಮಾಡಿ ನೋಡಿ, ಎಲ್ಲ ಒಂದೇ ಥರ ಕಾಣತೊಡಗುತ್ತವೆ. ಆಕಾಶದ ಮೇಲೆ ಎಂಥ ಗೀಟು ಇದೆಯೋ ಅಜ್ಜಿಯ ಕೆನ್ನೆ ಮೇಲೂ ಅಂಥದ್ದೇ ಗೀಟು. ಹಿಂದಿನ ಗೋಡೆಗೂ ಅದೇ. ಆ್ಯಪ್‌ಗೆ ಯಾವುದು ಮುಖ್ಯ, ಯಾವುದು ಅಲ್ಲ ಅಂತ ಗೊತ್ತಿಲ್ಲ. ಚಿತ್ರ ಬರೆಯುವವರಿಗೆ ಗೊತ್ತು. ಅವರು ಆಕಾಶಕ್ಕೆ ದೊಡ್ಡ ಬ್ರಶ್ ತಗೊಂಡು ಒಂದೇ ಸಲ ಎಳೆದುಬಿಡುತ್ತಾರೆ, ಕಣ್ಣಿನ ಹತ್ತಿರ ಬಂದಾಗ ಸಣ್ಣ ಬ್ರಶ್ ಹಿಡಿಯುತ್ತಾರೆ, ಬೇಡದ್ದನ್ನು ಬರೆಯುವುದೇ ಇಲ್ಲ.

ಆ ಬಿಡುವ ಕೆಲಸವನ್ನು ನೀವೇ ಮಾಡಬೇಕು. ಫೋಟೊ ಎಲ್ಲವನ್ನೂ ಹಿಡಿದಿಟ್ಟುಕೊಂಡಿರುತ್ತದೆ, ಅದರಲ್ಲಿ ಏನು ಉಳಿಯಬೇಕು ಅಂತ ತೀರ್ಮಾನ ಮಾಡಿದ ಮೇಲೆ ಫಿಲ್ಟರ್, ಬ್ರಶ್, ಪ್ರಿಂಟ್ ಎಲ್ಲ. ಏನು ಬಿಡಬೇಕು ಅಂತ ಕಲಿಯೋಕೆ ಪ್ಯಾರಿಸ್‌ಗೇನೂ ಹೋಗಬೇಕಿಲ್ಲ. ನಮ್ಮ ಮರ, ನಮ್ಮ ಮಂಜು, ನಮ್ಮ ಬಿಸಿಲನ್ನೇ ಬರೆದ ಕಲಾವಿದರು ನಮ್ಮಲ್ಲಿದ್ದಾರೆ. ಫೋಟೊ ಎಡಿಟಿಂಗ್ ಕಲಿಸುವ ವಿಡಿಯೊಗಳಲ್ಲಿ ಯುರೋಪಿನ ಚಿತ್ರಕಾರರಾದ ವ್ಯಾನ್ ಗೋ, ಮೊನೆ ಹೆಸರು ಮಾತ್ರ ಕೇಳಿಬರುತ್ತದೆ. ಅವರು ದೊಡ್ಡವರೇ. ಆದರೆ ಬೆಂಗಳೂರಿನ ಮೇ ತಿಂಗಳ ಗುಲ್‌ಮೊಹರ್‌ಗೆ ಮೊದಲು ನೋಡಬೇಕಾದವರು ರುಮಾಲೆ ಚೆನ್ನಬಸವಯ್ಯನವರು. ಇಲ್ಲಿ ಒಂದೊಂದು ಕೆಲಸಕ್ಕೂ ಒಬ್ಬೊಬ್ಬರನ್ನು ಗುರುವಾಗಿ ಇಟ್ಟುಕೊಂಡು ಹೇಳುತ್ತಾ ಹೋಗುತ್ತೇನೆ.

ಮೊದಲು ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಫೋನಿನಲ್ಲಿ ಸ್ನ್ಯಾಪ್‌ಸೀಡ್ ಇದ್ದರೆ ಸಾಕು, ಅದು ಉಚಿತ. ಕಂಪ್ಯೂಟರ್ ಇದ್ದರೆ ಗಿಂಪ್ ಮತ್ತು ಕ್ರಿಟಾ ಹಾಕಿಕೊಳ್ಳಿ, ಎರಡೂ ಉಚಿತ. ಗಿಂಪ್ ಫೋಟೊ ತಿದ್ದೋಕೆ, ಕ್ರಿಟಾ ಮೇಲೆ ಬ್ರಶ್ ಆಡಿಸೋಕೆ. ಕೈಯಿಂದ ಬಣ್ಣ ಹಚ್ಚುವ ಆಸೆ ಇದ್ದರೆ ಮಕ್ಕಳ ಜಲವರ್ಣದ ಡಬ್ಬಿಯಿಂದಲೇ ಶುರು ಮಾಡಬಹುದು.

ಮೂರು ಬಣ್ಣದ ಪರೀಕ್ಷೆ

ಯಾವ ಫೋಟೊ ಚಿತ್ರವಾಗುತ್ತದೆ, ಯಾವುದು ಆಗುವುದಿಲ್ಲ ಅಂತ ತಿಳಿಯೋಕೆ ಒಂದು ಸುಲಭ ದಾರಿ ಇದೆ. ಫೋಟೊವನ್ನು ಕಪ್ಪು-ಬಿಳುಪು ಮಾಡಿ. ಆಮೇಲೆ ಗಿಂಪ್‌ನ ಕಲರ್ಸ್ ಮೆನುವಿನಲ್ಲಿ ಪೋಸ್ಟರೈಜ್ ತೆಗೆದು, ಲೆವೆಲ್ಸ್ 3ಕ್ಕೆ ಇಳಿಸಿ. ಈಗ ಫೋಟೊದಲ್ಲಿ ಕಪ್ಪು, ಬೂದಿ, ಬಿಳಿ ಈ ಮೂರೇ ಉಳಿಯುತ್ತವೆ. ಇಷ್ಟರಲ್ಲೇ ಮರ ಮರದಂತೆ, ಮನೆ ಮನೆಯಂತೆ ಗೊತ್ತಾಗುತ್ತಿದ್ದರೆ ಆ ಫೋಟೊದಲ್ಲಿ ದಮ್ಮಿದೆ. ಎಲ್ಲ ಕಲಸಿಹೋಗಿದ್ದರೆ ಯಾವ ಫಿಲ್ಟರ್ ಹಾಕಿದರೂ ಅದು ಏಳುವುದಿಲ್ಲ, ಬೇರೆ ಫೋಟೊ ಹುಡುಕಿ.

ಕಂಪ್ಯೂಟರ್ ಇಲ್ಲದವರು ಕಣ್ಣನ್ನು ಅರ್ಧ ಮುಚ್ಚಿ ಫೋಟೊ ನೋಡಿ. ಸಣ್ಣಪುಟ್ಟದ್ದೆಲ್ಲ ಮಾಯವಾಗಿ ದೊಡ್ಡ ದೊಡ್ಡ ನೆರಳು-ಬೆಳಕು ಮಾತ್ರ ಕಾಣುತ್ತದೆ. ಚಿತ್ರ ಬರೆಯುವವರು ಬಯಲಲ್ಲಿ ಕೂತಾಗ ಮಾಡುವುದೂ ಇದನ್ನೇ.

ಫೋಟೊ ತೆಗೆಯುವಾಗಲೇ ಸ್ವಲ್ಪ ಯೋಚನೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಬೆಳಿಗ್ಗೆ ಎಂಟರ ಒಳಗೆ, ಇಲ್ಲ ಸಂಜೆ ಐದರ ಮೇಲೆ, ಬಿಸಿಲು ಪಕ್ಕದಿಂದ ಬೀಳುವಾಗ ತೆಗೆಯಿರಿ. ನಡು ಮಧ್ಯಾಹ್ನ ನೆರಳು ಕಾಲಡಿಗೆ ಸೇರಿಕೊಂಡು, ಮರದ ಮೈ ಚಪ್ಪಟೆಯಾಗಿ ಕಾಣುತ್ತದೆ. ಮೋಡದ ದಿನವೂ ಒಳ್ಳೆಯದೇ, ಬಣ್ಣ ತಣ್ಣಗೆ, ಒಂದೇ ಸಮ ಇರುತ್ತದೆ.

ಗುಲ್‌ಮೊಹರ್ ಮತ್ತು ರುಮಾಲೆ

ರುಮಾಲೆ ಚೆನ್ನಬಸವಯ್ಯ (1910–1988) ದೊಡ್ಡಬಳ್ಳಾಪುರದವರು. ಸ್ವಾತಂತ್ರ್ಯ ಹೋರಾಟಗಾರರು, ಗಾಂಧಿವಾದಿ. ಬೆಂಗಳೂರಿನ ಹೂಬಿಡುವ ಮರಗಳನ್ನು ಇವರಷ್ಟು ಪ್ರೀತಿಯಿಂದ ಬರೆದವರು ಇನ್ನೊಬ್ಬರಿಲ್ಲ ಅಂತ ನನ್ನ ಅಭಿಪ್ರಾಯ. ಗುಲ್‌ಮೊಹರ್, ಜಕರಾಂಡ, ಹಾದಿಬದಿಯ ಸಾಲುಮರ, ಎಲ್ಲ ಆ ಜಾಗಕ್ಕೇ ಹೋಗಿ ಕೂತು ಬರೆದದ್ದು. ರಾಜಾಜಿನಗರದ ರುಮಾಲೆ ಹೌಸ್‌ನಲ್ಲಿ ಅವರ ಚಿತ್ರಗಳಿವೆ. ಮುಂಚೆಯೇ ಕೇಳಿಕೊಂಡು ಹೋಗಿ.

ಅವರ ಚಿತ್ರದ ಮುಂದೆ ನಿಂತರೆ ಮೊದಲು ಮರ ಕಾಣುತ್ತದೆ. ಹತ್ತಿರ ಹೋದರೆ ಮರ ಇಲ್ಲ, ಬರೀ ಬಣ್ಣದ ಚುಕ್ಕೆ, ಗೀಟು. ಒಂದರ ಪಕ್ಕ ಒಂದು, ಕಲಸದೆ ಇಟ್ಟದ್ದು. ಕಲಸುವ ಕೆಲಸವನ್ನು ನಮ್ಮ ಕಣ್ಣು ದೂರದಿಂದ ಮಾಡುತ್ತದೆ.

ಈಗ ನಿಮ್ಮ ಗುಲ್‌ಮೊಹರ್ ಫೋಟೊ ತೆಗೆಯಿರಿ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಎಷ್ಟೋ ಊರುಗಳಲ್ಲಿ ಈ ಮರ ಹೂಬಿಟ್ಟಿರುತ್ತದೆ, ಕತ್ತಿಕಾಯಿ ಹಿಡಿದು ಕತ್ತಿವರಸೆ ಆಡಿದ್ದು ನೆನಪಿರಬೇಕಲ್ವಾ, ಅದೇ ಮರ. ಫೋನಿಗೆ ಕೆಂಪು ಅಂದರೆ ಕಷ್ಟ. ಬಿಸಿಲಿನಲ್ಲಿ ಕೆಂಪು ಬಣ್ಣ ಬೇಗ ಮಿತಿ ಮೀರಿ, ಎಸಳು ಎಸಳಿನ ವ್ಯತ್ಯಾಸ ಹೋಗಿ, ಇಡೀ ಕೊಂಬೆ ಒಂದೇ ಕೆಂಪು ಮುದ್ದೆಯಾಗುತ್ತದೆ. ಹಾಗಾಗಿ ತೆರೆಯ ಮೇಲೆ ಮುಟ್ಟಿ ಫೋಕಸ್ ಮಾಡಿದ ಮೇಲೆ ಬೆಳಕಿನ ಪಟ್ಟಿಯನ್ನು ಸ್ವಲ್ಪ ಕೆಳಗೆಳೆದು ತೆಗೆಯಿರಿ. ಫೋಟೊ ತುಸು ಕತ್ತಲಾಗಿ ಕಂಡರೂ ಪರವಾಗಿಲ್ಲ. ಆಮೇಲೆ ಬೆಳಕು ಮಾಡಬಹುದು, ಕಳೆದುಹೋದ ಕೆಂಪನ್ನು ತರೋಕಾಗಲ್ಲ.

ಬೆಂಗಳೂರಿನ ಮರ ಅಂದಮೇಲೆ ಅಡ್ಡಕ್ಕೆ ನಾಲ್ಕು ಕೇಬಲ್, ಕೆಳಗೆ ಒಂದು ಬೈಕು, ಹಿಂದೆ ಅಂಗಡಿ ಬೋರ್ಡು ಇದ್ದೇ ಇರುತ್ತದೆ. ಸ್ನ್ಯಾಪ್‌ಸೀಡ್‌ನಲ್ಲಿ ಹೀಲಿಂಗ್ ತೆಗೆದು ಕೇಬಲ್ ಮೇಲೆ ಬೆರಳು ಆಡಿಸಿ. ಫೋಟೊವನ್ನು ಹಿಗ್ಗಿಸಿಕೊಂಡು ಸ್ವಲ್ಪ ಸ್ವಲ್ಪವೇ ಅಳಿಸಿ, ಉದ್ದಕ್ಕೆ ಒಂದೇ ಸಲ ಎಳೆದರೆ ಪಕ್ಕದ ಕೊಂಬೆಯೂ ಹಾಳಾಗುತ್ತದೆ. ಬೋರ್ಡಿನ ಅಕ್ಷರಗಳನ್ನು ಖಂಡಿತ ತೆಗೆಯಿರಿ. ಅಕ್ಷರ ಕಂಡರೆ ಕಣ್ಣು ಓದೋಕೆ ಹೋಗುತ್ತದೆ, ಮರ ಹಿಂದಕ್ಕೆ ಬೀಳುತ್ತದೆ. ಆಟೊ ಒಂದು ಇದ್ದರೆ ಇರಲಿ ಬಿಡಿ, ಕೆಂಪಿನ ಕೆಳಗೆ ಒಂದು ಹಳದಿ-ಹಸಿರು ಚೆನ್ನಾಗಿಯೇ ಕೂರುತ್ತದೆ.

ಮುಂದಿನದು ಗಿಂಪ್. ಮೊದಲು ಫೋಟೊವನ್ನು 2000 ಪಿಕ್ಸೆಲ್ (ಫೋಟೊದ ಒಂದೊಂದು ಚುಕ್ಕೆ) ಅಗಲಕ್ಕೆ ಇಳಿಸಿಕೊಳ್ಳಿ; ಪ್ರಿಂಟ್ ಮಾಡಿಸುವುದಿದ್ದರೆ ಮುಂದೆ ಪ್ರಿಂಟ್‌ಗೆ ಹೇಳಿದ ಅಳತೆಗಿಂತ ಕಡಿಮೆ ಮಾಡಬೇಡಿ. ಇದು ಯಾಕೆ ಅಂದರೆ, 4000 ಪಿಕ್ಸೆಲ್ ಇರುವ ಫೋಟೊದ ಮೇಲೆ ಸಣ್ಣ ಅಳತೆಯ ಫಿಲ್ಟರ್ ಹಾಕಿದರೆ ಏನೂ ಆದಂತೆ ಕಾಣುವುದಿಲ್ಲ, ಜನ ಬೇಜಾರಾಗಿ ಅಳತೆ ಜಾಸ್ತಿ ಮಾಡುತ್ತಾ ಹೋಗುತ್ತಾರೆ, ಕಂಪ್ಯೂಟರ್ ಹತ್ತು ನಿಮಿಷ ನಿಂತುಬಿಡುತ್ತದೆ. ಮೂಲ ಫೋಟೊವನ್ನು ಬೇರೆ ಕಡೆ ಹಾಗೇ ಇಟ್ಟಿರಿ.

ಲೇಯರನ್ನು, ಅಂದರೆ ಒಂದರ ಮೇಲೊಂದು ಇಡುವ ಹಾಳೆಯಂಥ ಪದರವನ್ನು, ಎರಡು ಸಲ ಡುಪ್ಲಿಕೇಟ್ ಮಾಡಿ. ಈಗ ಮೂರು ಲೇಯರ್ ಇವೆ. ಕೆಳಗಿನದಕ್ಕೆ ಆಯಿಲಿಫೈ ಫಿಲ್ಟರನ್ನು ದೊಡ್ಡ ಅಳತೆಯಲ್ಲಿ ಹಾಕಿ. ನಡುವಿನದಕ್ಕೆ ಅದನ್ನೇ ಸಣ್ಣ ಅಳತೆಯಲ್ಲಿ ಹಾಕಿ. ಮೇಲಿನದನ್ನು ಹಾಗೇ ಬಿಡಿ. ಆಯಿಲಿಫೈ ಮಾಡುವುದು ಇಷ್ಟೇ: ಒಂದೊಂದು ಚುಕ್ಕೆಯ ಸುತ್ತಲೂ ನೋಡಿ, ಅಲ್ಲಿ ಯಾವ ಬಣ್ಣ ಹೆಚ್ಚಾಗಿದೆಯೋ ಅದನ್ನೇ ಆ ಜಾಗಕ್ಕೆ ಇಡುತ್ತದೆ. ಅಳತೆ ದೊಡ್ಡದಾದಷ್ಟೂ ಬಣ್ಣದ ತುಂಡು ದೊಡ್ಡದು, ವಿವರ ಕಡಿಮೆ.

ಈಗ ಮೇಲಿನ ಎರಡೂ ಲೇಯರ್‌ಗೆ ಕಪ್ಪು ಮಾಸ್ಕ್ (ಬೇಕಾದ ಕಡೆ ಮರೆಮಾಡುವ ಮುಸುಕು) ಹಾಕಿ. ಕಪ್ಪು ಅಂದರೆ ಮರೆ, ಬಿಳಿ ಅಂದರೆ ಕಾಣುವುದು. ಎರಡೂ ಮಾಯವಾಗಿ, ಕೆಳಗಿನ ದಪ್ಪ ಗೀಟಿನದು ಮಾತ್ರ ಕಾಣುತ್ತದೆ. ಮೆತ್ತನೆಯ ಅಂಚಿನ ಬಿಳಿ ಬ್ರಶ್ ತಗೊಂಡು ನಡುವಿನ ಲೇಯರಿನ ಮಾಸ್ಕ್ ಮೇಲೆ ಹೂಗೊಂಚಲು, ಕಾಂಡ ಇರುವ ಕಡೆ ಆಡಿಸಿ. ಅಲ್ಲಿ ಸಣ್ಣ ಗೀಟು ಬರುತ್ತದೆ. ಮೇಲಿನ ಲೇಯರಿನ ಮಾಸ್ಕನ್ನು ಒಂದೇ ಒಂದು ಕಡೆ ತೆರೆಯಿರಿ, ಬಿಸಿಲು ಬಿದ್ದ ಒಂದು ಗೊಂಚಲು, ಇಲ್ಲ ಮರದಡಿ ಕೂತ ಹೂವಿನವಳ ಬುಟ್ಟಿ. ಅದನ್ನೂ ಪೂರ್ತಿ ತೆರೆಯಬೇಡಿ, ಬ್ರಶ್‌ನ ಒಪ್ಯಾಸಿಟಿ (ಬಣ್ಣ ಎಷ್ಟು ಗಟ್ಟಿಯಾಗಿ ಬೀಳಬೇಕು ಅನ್ನುವುದು) 40ಕ್ಕೆ ಇಟ್ಟು ತೆರೆಯಿರಿ. ಆಕಾಶ, ರಸ್ತೆ, ಹಿಂದಿನ ಕಟ್ಟಡ ಎಲ್ಲ ದಪ್ಪ ಗೀಟಿನಲ್ಲೇ ಇರಲಿ.

ಇಷ್ಟು ಮಾಡಿದರೆ ಒಂದು ಗುಂಡಿ ಒತ್ತಿ ಬಂದ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ನಿಮಗೇ ಕಾಣುತ್ತದೆ.

ಆಯಿಲಿಫೈ ಬದಲು ಇನ್ನೊಂದು ದಾರಿಯೂ ಇದೆ. ಗಿಂಪ್‌ಗೆ ಜಿಮಿಕ್ ಅನ್ನುವ ಪ್ಲಗಿನ್ ಹಾಕಿಕೊಂಡರೆ ಅದರಲ್ಲಿ ಕುವಾಹರ ಫಿಲ್ಟರ್ ಸಿಗುತ್ತದೆ. ಅದು ಪ್ರತಿ ಚುಕ್ಕೆಯ ಸುತ್ತಲಿನ ಜಾಗವನ್ನು ನಾಲ್ಕು ಪಾಲು ಮಾಡಿ, ಯಾವ ಪಾಲಿನಲ್ಲಿ ಏರುಪೇರು ಕಡಿಮೆಯೋ ಅದರ ಸರಾಸರಿ ಬಣ್ಣವನ್ನು ತಗೊಳ್ಳುತ್ತದೆ. ಹಾಗಾಗಿ ಅಂಚು ಚೂಪಾಗೇ ಉಳಿದು ಒಳಗಿನ ಗಜಿಬಿಜಿ ಮಾತ್ರ ಹೋಗುತ್ತದೆ. ಹಳೆ ಮನೆ, ಗೋಪುರ, ಬೀದಿ ಇಂಥವಕ್ಕೆ ನನಗೆ ಇದೇ ಇಷ್ಟ. ಎಲೆ-ಹೂವಿಗೆ ಆಯಿಲಿಫೈ ವಾಸಿ.

ಕೊನೆಯದಾಗಿ ಕ್ರಿಟಾದಲ್ಲಿ ತೆರೆದು, ಮೇಲೊಂದು ಖಾಲಿ ಲೇಯರ್ ಹಾಕಿ, ಕೈಯಿಂದಲೇ ಸ್ವಲ್ಪ ಗೀಟು ಎಳೆಯಿರಿ. ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಅಲ್ಲಿನ ಬಣ್ಣ ಬ್ರಶ್‌ಗೆ ಬರುತ್ತದೆ. ಆ ಬಣ್ಣವನ್ನು ಒಂದು ಚೂರು ಬದಲಿಸಿ ಪಕ್ಕದಲ್ಲಿ ಇಡಿ. ಕೆಂಪಿನ ಬಿಸಿಲಿನ ಕಡೆ ಕಿತ್ತಳೆ, ನೆರಳಿನ ಕಡೆ ನೇರಳೆ ಕಲೆತ ಕೆಂಪು. ನೆರಳಿಗೆ ಕಪ್ಪು ಹಾಕಲೇಬೇಡಿ. ರುಮಾಲೆಯವರಲ್ಲಿ ಕಲಿಯಬೇಕಾದ ದೊಡ್ಡ ಪಾಠ ಇದು, ನೆರಳಿಗೂ ಬಣ್ಣ ಇದೆ.

ಮಂಜಿಗೆ ವೆಂಕಟಪ್ಪ

ಕೆ. ವೆಂಕಟಪ್ಪನವರು (1886–1965) ಚಿತ್ರಗಾರರ ಮನೆತನದವರು. ಮೈಸೂರು ಅರಸರ ನೆರವಿನಿಂದ ಕಲ್ಕತ್ತೆಗೆ ಹೋಗಿ ಬಂಗಾಳದ ಹೆಸರಾಂತ ಕಲಾವಿದ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತರು. ವೀಣೆಯನ್ನೂ ನುಡಿಸುತ್ತಿದ್ದರು. 1920ರ ದಶಕದಲ್ಲಿ ಅವರು ಬರೆದ ಊಟಿ, ಕೊಡೈಕೆನಾಲ್‌ನ ಜಲವರ್ಣ ಚಿತ್ರಗಳನ್ನು ನೋಡದೆ ಮಂಜಿನ ಫೋಟೊ ಎಡಿಟ್ ಮಾಡೋಕೆ ಕೂರಬೇಡಿ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ, ಸರ್ಕಾರಿ ಮ್ಯೂಸಿಯಂ ಆವರಣದಲ್ಲಿ ಅವರ ಹೆಸರಿನ ಚಿತ್ರಶಾಲೆಯೇ ಇದೆ.

ಆಗುಂಬೆಯಲ್ಲೋ ಮುಳ್ಳಯ್ಯನಗಿರಿಯಲ್ಲೋ ತೆಗೆದ ಫೋಟೊಗೆ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಮಂಜು ಜಾಸ್ತಿಯಾಯ್ತು ಅಂತ ಡಿಹೇಜ್ ಒತ್ತಿ, ಕಾಂಟ್ರಾಸ್ಟ್ ಏರಿಸಿ, ಹಿಂದಿನ ಬೆಟ್ಟವನ್ನು ಚೂಪು ಮಾಡುತ್ತೇವೆ. ಚಿತ್ರಕ್ಕೆ ಬೇಕಾದ್ದು ಇದರ ತಿರುಗುಮುರುಗು. ದೂರ ಹೋದಷ್ಟೂ ಬೆಟ್ಟ ತಿಳಿಯಾಗಬೇಕು, ನೀಲಿಯಾಗಬೇಕು, ಅಂಚು ಕರಗಬೇಕು.

ಸ್ನ್ಯಾಪ್‌ಸೀಡ್‌ನಲ್ಲಿ ಡೀಟೇಲ್ಸ್ ತೆಗೆದು ಸ್ಟ್ರಕ್ಚರನ್ನು ಮೈನಸ್ ಕಡೆಗೆ ಎಳೆಯಿರಿ, ಎಲೆಗಳ ಗದ್ದಲ ಅಡಗುತ್ತದೆ. ಹತ್ತಿರದ ಒಂದು ಮರಕ್ಕೋ ಬೇಲಿಗೋ ಆ ಬದಲಾವಣೆಯನ್ನು ಮಾಸ್ಕ್‌ನಿಂದ ತೆಗೆದುಹಾಕಿ, ಅದು ಮಾತ್ರ ಗಟ್ಟಿಯಾಗಿ ನಿಲ್ಲಲಿ. ಗಿಂಪ್‌ನಲ್ಲಾದರೆ ಹೊಸ ಲೇಯರ್ ಮೇಲೆ ತಿಳಿ ಬೂದಿ-ನೀಲಿ ಗ್ರೇಡಿಯಂಟನ್ನು (ಮೆಲ್ಲಗೆ ಕರಗುತ್ತಾ ಹೋಗುವ ಬಣ್ಣವನ್ನು) ಮೇಲಿನಿಂದ ಕೆಳಗೆ ಎಳೆದು ಒಪ್ಯಾಸಿಟಿ ಕಡಿಮೆ ಮಾಡಿ. ಒಂದೇ ದೊಡ್ಡ ಪದರ ಬೇಡ. ಒಂದೊಂದು ಬೆಟ್ಟದ ಸಾಲಿಗೂ ಬೇರೆ ಬೇರೆ ತೆಳ್ಳನೆ ಪದರ ಹಾಕಿ. ಜಲವರ್ಣದಲ್ಲೂ ಹೀಗೇ, ತೆಳ್ಳನೆಯ ಬಣ್ಣ ಹಚ್ಚಿ, ಒಣಗಿಸಿ, ಅದರ ಮೇಲೆ ಇನ್ನೊಂದು. ಅಲ್ಲಿ ಬಿಳಿ ಅಂದರೆ ಖಾಲಿ ಬಿಟ್ಟ ಕಾಗದ. ನಿಮ್ಮ ಫೋಟೊದಲ್ಲೂ ಒಂದಿಷ್ಟು ಜಾಗ ಸುಮ್ನೆ ಖಾಲಿ ಇರಲಿ.

ಕ್ಯಾಮೆರಾದಲ್ಲೇ ಚಿತ್ರದಂಥ ಫೋಟೊ ಬರಬೇಕು ಅನ್ನುವವರಿಗೆ ಮಲೆನಾಡಿನ ಅಡಿಕೆ ತೋಟಕ್ಕಿಂತ ಒಳ್ಳೆಯ ಜಾಗ ಇಲ್ಲ. ಸಂಜೆ ಬೆಳಕು ಇಳಿಯುವಾಗ ಹೋಗಿ. ಫೋನಿನ ಪ್ರೊ ಮೋಡ್‌ನಲ್ಲಿ ಐಎಸ್ಒ (ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸುತ್ತದೆ ಅನ್ನುವುದು) ಅತಿ ಕಡಿಮೆಗೆ ಇಟ್ಟು, ಶಟರ್, ಅಂದರೆ ಬೆಳಕು ಒಳಗೆ ಬೀಳುವ ಹೊತ್ತು, 1/4 ಸೆಕೆಂಡಿಗೆ ಇಡಿ. ಗುಂಡಿ ಒತ್ತಿದ ಕ್ಷಣವೇ ಫೋನನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಮ ಇಳಿಸಿ. ಮರದ ಕಾಂಡಗಳೆಲ್ಲ ಉದ್ದುದ್ದ ಕುಂಚದ ಎಳೆಯಂತೆ ಬರುತ್ತವೆ. ಅಡ್ಡಕ್ಕೆ ಆಡಿಸಿದರೆ ಎಲ್ಲ ಕಲಸಿಹೋಗುತ್ತದೆ, ಸಮುದ್ರಕ್ಕಾದರೆ ಅಡ್ಡವೇ ಸರಿ. ತುಂಬಾ ಸಲ ತೆಗೆಯಬೇಕಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಇದು ಆಗದ ಕೆಲಸ, ಫೋಟೊ ಪೂರ್ತಿ ಬೆಳ್ಳಗಾಗುತ್ತದೆ.

ದೀಪದ ಬೆಳಕು

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರೆಲ್ಲ ದೀಪ ಹಿಡಿದ ಹೆಣ್ಣುಮಗಳ ಚಿತ್ರದ ಮುಂದೆ ನಿಂತೇ ನಿಂತಿರುತ್ತಾರೆ. ಬರೆದವರು ಎಸ್.ಎಲ್. ಹಳದಣಕರ್, ಸಾವಂತವಾಡಿಯವರು. ಕನ್ನಡಿಗರಲ್ಲ, ಆದರೆ ಆ ಚಿತ್ರದ ಮನೆ ಈಗ ಮೈಸೂರೇ. ಎಷ್ಟೋ ಜನ ಅದನ್ನು ತೈಲವರ್ಣ ಅಂದುಕೊಳ್ಳುತ್ತಾರೆ, ಅದು ಜಲವರ್ಣ. ಮುಂದಿನ ಸಲ ಹೋದಾಗ ಮುಖ ಬಿಟ್ಟು ಬೆರಳು ನೋಡಿ. ದೀಪಕ್ಕೆ ಅಡ್ಡ ಹಿಡಿದ ಅಂಗೈಯ ಅಂಚಿನಲ್ಲಿ, ಬೆರಳ ಸಂದಿಯಲ್ಲಿ ಬೆಳಕು ಮಾಂಸದೊಳಗಿಂದ ಹಾದುಬಂದು ಕೆಂಪಗಾಗಿದೆ.

ದೀಪಾವಳಿಗೋ ಕಾರ್ತಿಕಕ್ಕೋ ಮನೆಯಲ್ಲಿ ದೀಪದ ಫೋಟೊ ತೆಗೆಯುವಾಗ ಟ್ಯೂಬ್‌ಲೈಟ್ ಆರಿಸಿ. ಬೆಳಕು ಒಂದೇ ಕಡೆಯಿಂದ ಬರಬೇಕು. ಫ್ಲ್ಯಾಶ್ ಬೇಡ. ಫೋನಿನ ನೈಟ್ ಮೋಡ್ ಕತ್ತಲನ್ನು ಬೆಳಗಿಸಿ ಹಾಳು ಮಾಡುತ್ತದೆ, ಅದನ್ನೂ ಆಫ್ ಮಾಡಿ. ಆಮೇಲೆ ಎಡಿಟ್ ಮಾಡುವಾಗ ಕರ್ವ್ಸ್‌ನಲ್ಲಿ (ಬೆಳಕು-ಕತ್ತಲು ತಿದ್ದುವ ಸಾಧನ) ಕತ್ತಲನ್ನು ಇನ್ನೂ ಸ್ವಲ್ಪ ಇಳಿಸಿ, ಹಿನ್ನೆಲೆಗೆ ತುಸು ನೀಲಿ ಕೊಡಿ, ಮುಖದ ಬಿಸಿ ಬಣ್ಣವನ್ನು ಹಾಗೇ ಬಿಡಿ. ಗೋಡೆ, ಕ್ಯಾಲೆಂಡರ್, ಸ್ವಿಚ್ ಬೋರ್ಡು ಎಲ್ಲ ಕತ್ತಲಲ್ಲಿ ಮುಳುಗಲಿ.

ಗೆರೆಗೆ ಹೆಬ್ಬಾರ್

ಕೆ.ಕೆ. ಹೆಬ್ಬಾರ್ (1911–1996) ಉಡುಪಿ ಹತ್ತಿರದ ಕಟ್ಟಿಂಗೇರಿಯವರು, ಮುಂಬಯಿಯಲ್ಲಿ ನೆಲೆಸಿದವರು. ಪದ್ಮಶ್ರೀ, ಪದ್ಮಭೂಷಣ ಎರಡೂ ಬಂದಿವೆ. ತೈಲಚಿತ್ರ ಬಿಡಿ, ಅವರ ಬರೀ ಗೆರೆಯ ಚಿತ್ರಗಳನ್ನು ಹುಡುಕಿ ನೋಡಿ. ನರ್ತಕಿಯ ಇಡೀ ಮೈ ನಾಲ್ಕಾರು ಗೆರೆಗಳಲ್ಲಿ ಬಂದುಬಿಟ್ಟಿರುತ್ತದೆ. ಅವರು ಕಥಕ್ ಕಲಿತಿದ್ದರು, ಲಯ ಗೆರೆಯಲ್ಲಿ ಹಾಗೆ ಬಂದದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ಫೋಟೊವನ್ನು ಪೆನ್ಸಿಲ್ ಚಿತ್ರ ಮಾಡುವ ಹಳೆಯ ಉಪಾಯ ಎಲ್ಲರಿಗೂ ಗೊತ್ತು. ಕಪ್ಪು-ಬಿಳುಪು ಮಾಡಿ, ಲೇಯರ್ ಡುಪ್ಲಿಕೇಟ್ ಮಾಡಿ, ಅದನ್ನು ಇನ್ವರ್ಟ್ ಮಾಡಿ, ಗಾಸಿಯನ್ ಬ್ಲರ್ ಹಾಕಿ, ಲೇಯರ್ ಮೋಡನ್ನು ಡಾಡ್ಜ್‌ಗೆ ಬದಲಿಸಿದರೆ ಆಯ್ತು. ಆದರೆ ಅದು ಫೋಟೊದಲ್ಲಿರುವ ಎಲ್ಲ ಅಂಚನ್ನೂ ಗೆರೆ ಮಾಡುತ್ತದೆ. ಯಕ್ಷಗಾನ ವೇಷದ ಫೋಟೊಗೆ ಹಾಕಿದರೆ ಕಿರೀಟದ ಒಂದೊಂದು ಮಣಿಯೂ ಗೆರೆಯಾಗಿ ಕುಣಿತವೇ ಕಾಣುವುದಿಲ್ಲ.

ಅದರ ಬದಲು ಹೀಗೆ ಮಾಡಿ. ಕುಣಿತದ ಫೋಟೊವನ್ನು ಕ್ರಿಟಾದಲ್ಲಿ ತೆರೆದು ಒಪ್ಯಾಸಿಟಿ 30ಕ್ಕೆ ಇಳಿಸಿ, ಮೇಲಿನ ಖಾಲಿ ಲೇಯರ್‌ನಲ್ಲಿ ನೀವೇ ಗೆರೆ ಎಳೆಯಿರಿ. ಕಂಪ್ಯೂಟರ್ ಇಲ್ಲದಿದ್ದರೆ ಪ್ರಿಂಟ್ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಎಳೆಯಿರಿ. ಮೊದಲ ಗೆರೆ ತಲೆಯಿಂದ ಬೆನ್ನ ಮೇಲೆ ಹಾದು ಊರಿದ ಕಾಲಿನವರೆಗೆ, ಕೈ ಎತ್ತದೆ. ಆಮೇಲೆ ತೋಳು. ಆಮೇಲೆ ಬಟ್ಟೆ ಹಾರಿದ ಅಂಚು. ಹತ್ತು ಗೆರೆ ಮುಗಿಸಿದ ಮೇಲೆ ಫೋಟೊ ಲೇಯರ್ ಆಫ್ ಮಾಡಿ ನೋಡಿ. ಕುಣಿತ ಇದೆಯಾ? ಇದ್ದರೆ ಅಲ್ಲಿಗೇ ನಿಲ್ಲಿಸಿ. ಇಲ್ಲದಿದ್ದರೆ ಇನ್ನಷ್ಟು ಗೆರೆ ಸೇರಿಸುವುದಕ್ಕಿಂತ ಮೊದಲ ಗೆರೆಯನ್ನೇ ಮತ್ತೆ ಎಳೆಯುವುದು ಒಳ್ಳೆಯದು. ಚಿತ್ರ ಬರೆಯೋಕೆ ಬರಲ್ಲ ಅನ್ನುವವರೂ ಇದನ್ನು ಮಾಡಬಹುದು, ಕೈ ನಿಧಾನಕ್ಕೆ ಪಳಗುತ್ತದೆ.

ಪ್ರಿಂಟ್ ಮೇಲೆ ಕೈಬಣ್ಣ

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದು. ಬಣ್ಣದ ಫೋಟೊ ಬರುವ ಮುಂಚೆ ಸ್ಟುಡಿಯೊಗಳಲ್ಲಿ ಕಪ್ಪು-ಬಿಳುಪು ಫೋಟೊಗೆ ಕೈಯಿಂದ ಬಣ್ಣ ಹಚ್ಚಿ ಕೊಡುತ್ತಿದ್ದರಲ್ಲ, ಹಳೆ ಮನೆಗಳ ಗೋಡೆ ಮೇಲೆ ಅಂಥ ಮದುವೆ ಫೋಟೊಗಳು ಇನ್ನೂ ಇವೆ. ಅದೇ ಕೆಲಸವನ್ನು ನಾವು ಸ್ವಲ್ಪ ಸಲೀಸಾಗಿ ಮಾಡಬಹುದು.

ಫೋಟೊವನ್ನು ಕಪ್ಪು-ಬಿಳುಪು ಮಾಡಿ, ತುಂಬಾ ತಿಳಿಯಾಗಿಸಿ, ಗೆರೆ ಮಾತ್ರ ಕಾಣುವಷ್ಟು. ಡಿಟಿಪಿ ಅಂಗಡಿಯಲ್ಲಿ ದಪ್ಪನೆಯ ಡ್ರಾಯಿಂಗ್ ಶೀಟ್ ಮೇಲೆ ಲೇಸರ್ ಪ್ರಿಂಟ್ ತೆಗೆಸಿ. ಮಷೀನ್ ಎಷ್ಟು ದಪ್ಪದ ಕಾಗದ ತಗೊಳ್ಳುತ್ತೆ ಅಂತ ಮೊದಲೇ ಕೇಳಿ. ಲೇಸರ್ ಅಂತ ಒತ್ತಿ ಹೇಳಿ, ಯಾಕೆಂದರೆ ಮಾಮೂಲಿ ಇಂಕ್‌ಜೆಟ್ ಪ್ರಿಂಟ್‌ಗೆ ನೀರು ತಾಗಿದರೆ ಶಾಯಿ ಹರಡಿಬಿಡುತ್ತದೆ, ಲೇಸರ್ ಟೋನರ್ ಹರಡುವುದಿಲ್ಲ. ಹೊಳೆಯುವ ಫೋಟೊ ಪೇಪರ್ ಬೇಡವೇ ಬೇಡ, ಬಣ್ಣ ಹಿಡಿಯುವುದಿಲ್ಲ.

ಶೀಟನ್ನು ಹಲಗೆಗೆ ಮಾಸ್ಕಿಂಗ್ ಟೇಪ್‌ನಿಂದ ನಾಲ್ಕೂ ಕಡೆ ಅಂಟಿಸಿ, ಇಲ್ಲದಿದ್ದರೆ ಒದ್ದೆಯಾದಾಗ ಸುರುಳಿ ಸುತ್ತುತ್ತದೆ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ. ಕರಾವಳಿಯ ಕೆಂಪು ಕಲ್ಲಿನ ಗೋಡೆಗೆ ಬರ್ನ್ಟ್ ಸಿಯೆನಾ ಅನ್ನುವ ಕೆಂಪು-ಕಂದು ಬಣ್ಣ, ಹೆಂಚಿಗೂ ಅದೇ ಸ್ವಲ್ಪ ಗಾಢವಾಗಿ. ನೆರಳಿಗೆ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನಾ ಕಲಸಿ, ಒಳ್ಳೆಯ ಬೂದಿ ಬಣ್ಣ ಬರುತ್ತದೆ. ನೀಲಿ ಜಾಸ್ತಿಯಾದರೆ ತಂಪು ನೆರಳು, ಸಿಯೆನಾ ಜಾಸ್ತಿಯಾದರೆ ಬಿಸಿ ನೆರಳು. ಇಡೀ ಫೋಟೊಗೆ ಬಣ್ಣ ಹಚ್ಚಲೇಬೇಕು ಅಂತಿಲ್ಲ. ಜಗಲಿ ಮತ್ತು ಅಲ್ಲಿ ಕೂತ ಅಜ್ಜನಿಗೆ ಬಣ್ಣ, ಉಳಿದದ್ದು ತಿಳಿ ಗೆರೆಯಲ್ಲೇ ಇದ್ದರೂ ಚೆಂದ.

ಕಂಪ್ಯೂಟರಿನಲ್ಲೇ ಮುಗಿಸಿದ ಚಿತ್ರವನ್ನು ಪ್ರಿಂಟ್ ಮಾಡಿಸುವವರಿಗೆ: ಎ4 ಅಳತೆಗೆ 300 ಡಿಪಿಐನಲ್ಲಿ (ಒಂದು ಇಂಚಿಗೆ ಇಷ್ಟು ಚುಕ್ಕೆ ಅಂತ) 2480 × 3508 ಪಿಕ್ಸೆಲ್ ಬೇಕು. ಕ್ಯಾನ್ವಾಸ್‌ಗೆ, ಅದೂ ದೂರದಿಂದ ನೋಡುವ ದೊಡ್ಡ ಚಿತ್ರಕ್ಕೆ, 150 ಡಿಪಿಐ ಇದ್ದರೂ ನಡೆಯುತ್ತದೆ. ಮರದ ಚೌಕಟ್ಟಿಗೆ ಸುತ್ತೋಕೆ ನಾಲ್ಕೂ ಕಡೆ ಎರಡು ಇಂಚು ಹೆಚ್ಚಿಗೆ ಬಿಡಿಸಿ. ತೆರೆಯ ಮೇಲೆ ಕಂಡಷ್ಟು ಬೆಳಕು ಕಾಗದದ ಮೇಲೆ ಬರುವುದಿಲ್ಲ, ಹಾಗಾಗಿ ಮೊದಲು ಒಂದು ಸಣ್ಣ ತುಂಡು ಪ್ರಿಂಟ್ ತೆಗೆಸಿ ನೋಡಿ, ಆಮೇಲೆ ದೊಡ್ಡದು.

ಹಸೆ ಚಿತ್ತಾರ, ಎಐ ಮತ್ತು ಹೆಸರು ಹೇಳುವುದು

ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಯ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಹಸೆ ಚಿತ್ತಾರ ಅನ್ನುವ ಗೋಡೆಚಿತ್ರ ಬರೆಯುತ್ತಾರೆ. ಪುಂಡಿ ನಾರಿನ ಕುಂಚ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ನಾಲ್ಕೇ ಬಣ್ಣದಲ್ಲಿ ಎಷ್ಟು ಹೇಳಬಹುದು ಅಂತ ಕಲಿಯೋಕೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ನಿಮ್ಮ ಫೋಟೊವನ್ನು ಆ ನಾಲ್ಕು ಬಣ್ಣಕ್ಕೆ ಇಳಿಸಿ ನೋಡಿ, ಕಲಿಯಿರಿ. ಆದರೆ ಅವರ ವಿನ್ಯಾಸವನ್ನು ಎತ್ತಿ ಫೋಟೊ ಸುತ್ತ ಅಂಚು ಕಟ್ಟಿ 'ಹಸೆ ಚಿತ್ತಾರ' ಅಂತ ಮಾರೋಕೆ ಹೋಗಬೇಡಿ. ಅದರ ಒಂದೊಂದು ಎಳೆಗೂ ಅವರ ಮದುವೆ, ಹಬ್ಬ, ಬೆಳೆಯ ಜೊತೆ ನಂಟಿದೆ. ಬೇಕಾದರೆ ಬರೆಯುವವರಿಂದಲೇ ಕೊಂಡುಕೊಳ್ಳಿ.

ಎಐ ಬಗ್ಗೆಯೂ ಇದೇ ಮಾತು. 'ಇಂಥ ಕಲಾವಿದರ ಶೈಲಿಯಲ್ಲಿ ಮಾಡು' ಅಂತ ಈಗ ಬದುಕಿ ದುಡಿಯುತ್ತಿರುವವರ ಹೆಸರು ಹಾಕಿ ಫೋಟೊ ಬದಲಿಸುವುದು ನನಗೆ ಸರಿ ಕಾಣುವುದಿಲ್ಲ. ಒಂದು ಕೈ ಪಳಗೋಕೆ ಇಪ್ಪತ್ತು ಮೂವತ್ತು ವರ್ಷ ಹಿಡಿದಿರುತ್ತದೆ. ನಮ್ಮ ದೇಶದ ಕಾನೂನಿನಲ್ಲಿ ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಅವರ ಚಿತ್ರಗಳಿಗೆ ಕಾಪಿರೈಟ್ ಇರುತ್ತದೆ, ಅಂದರೆ ರುಮಾಲೆ, ಹೆಬ್ಬಾರರ ಚಿತ್ರಗಳನ್ನು ನಕಲು ಮಾಡಿ ಪ್ರಿಂಟ್ ಮಾರುವ ಹಾಗಿಲ್ಲ. ಕಲಿಯೋಕೆ ನಕಲು ಮಾಡಿ, ಮನೆಯಲ್ಲಿ ಇಟ್ಟುಕೊಳ್ಳಿ. ಹಂಚಿಕೊಳ್ಳುವಾಗ 'ಫೋಟೊ ಆಧರಿಸಿ ಮಾಡಿದ್ದು, ಬಣ್ಣಕ್ಕೆ ರುಮಾಲೆಯವರ ಪ್ರೇರಣೆ' ಅಂತ ಒಂದು ಸಾಲು ಬರೆಯಿರಿ. ಆ ಸಾಲು ಓದಿ ಇನ್ಯಾರೋ ಒಬ್ಬರು ರುಮಾಲೆಯವರನ್ನು ಹುಡುಕುತ್ತಾರೆ.

ಚಿತ್ರಸಂತೆಗೆ ಹೋಗಿ

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಪ್ರತಿ ವರ್ಷ ಜನವರಿಯ ಒಂದು ಭಾನುವಾರ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದೆ. ರಸ್ತೆಯ ಎರಡೂ ಬದಿಗೆ ಕಲಾವಿದರೇ ತಮ್ಮ ಚಿತ್ರ ಇಟ್ಟುಕೊಂಡು ಕೂತಿರುತ್ತಾರೆ. ಹತ್ತು ಗಂಟೆ ದಾಟಿದರೆ ಕಾಲಿಡೋಕೆ ಜಾಗ ಇರುವುದಿಲ್ಲ, ಬೆಳಿಗ್ಗೆಯೇ ಹೋಗಿ. ಸಂತೆ ಇಲ್ಲದ ದಿನಗಳಲ್ಲೂ ಪರಿಷತ್ತಿನ ಒಳಗೆ ನೋಡೋಕೆ ತುಂಬಾ ಇದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಕಲಬುರಗಿಯವರಿಗೆ ತಮ್ಮದೇ ಊರಿನ ಎಸ್.ಎಂ. ಪಂಡಿತರು (1916–1993) ಇದ್ದಾರೆ, ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೆಲ್ಲ ಗೊತ್ತಾದವರು. ನಾಟಕೀಯ ಬೆಳಕು ಹೇಗಿರಬೇಕು ಅಂತ ಅವರ ಚಿತ್ರಗಳಲ್ಲಿ ನೋಡಿ.

ಸಂತೆಯಲ್ಲಿ ಇಷ್ಟವಾದ ಚಿತ್ರ ಕಂಡರೆ ಮೊದಲು ದೂರದಿಂದ ನೋಡಿ, ಆಮೇಲೆ ಒಂದಡಿ ಹತ್ತಿರ ಹೋಗಿ ಬ್ರಶ್ ಎಲ್ಲಿ ನಿಧಾನವಾಗಿದೆ, ಎಲ್ಲಿ ಓಡಿದೆ ಅಂತ ನೋಡಿ. ಕೇಳದೆ ಫೋಟೊ ತೆಗೆಯಬೇಡಿ, 'ಸರ್, ಒಂದು ಫೋಟೊ ತಗೊಳ್ಲಾ?' 'ಮೇಡಂ, ಇದು ಯಾವ ಕಾಗದ?' ಅಂತ ಕೇಳಿದರೆ ಹೆಚ್ಚಿನವರು ಖುಷಿಯಿಂದಲೇ ಮಾತಾಡುತ್ತಾರೆ. ಯಾವ ಬಣ್ಣ ಮೊದಲು ಹಾಕಿದಿರಿ, ಇಲ್ಲಿ ಯಾಕೆ ಖಾಲಿ ಬಿಟ್ಟಿರಿ ಅಂತ ಕೇಳಿ. ಹತ್ತು ವಿಡಿಯೊ ನೋಡಿದರೂ ಸಿಗದ ಉತ್ತರ ಅಲ್ಲಿ ಸಿಗುತ್ತದೆ. ದೊಡ್ಡ ಚಿತ್ರ ಕೊಳ್ಳೋಕೆ ಆಗದಿದ್ದರೆ ಸಣ್ಣದೊಂದು ಜಲವರ್ಣ ತಗೊಳ್ಳಿ, ಚೌಕಾಸಿ ಜಾಸ್ತಿ ಬೇಡ. ಹಿಂದುಗಡೆ ಅವರ ಹೆಸರು, ವರ್ಷ, ಅದು ಯಾವ ಊರಿನ ದೃಶ್ಯ ಅನ್ನುವುದನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ. ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ (ಚಿತ್ರದ ಸುತ್ತ ಇಡುವ ದಪ್ಪ ಕಾಗದದ ಅಂಚು) ಹಾಕಿಸಿ, ನೇರ ಬಿಸಿಲು ಬೀಳದ ಗೋಡೆಗೆ ನೇತುಹಾಕಿ. ಇಲ್ಲದಿದ್ದರೆ ಜಲವರ್ಣ ಕೆಲವೇ ವರ್ಷದಲ್ಲಿ ಬಿಳಿಚಿಕೊಳ್ಳುತ್ತದೆ.